ಕಮಾನು ಬಾಗಿಸುವ ವಿದ್ಯೆ

ಮುಂಬಯಿಯ ಜಡಿಮಳೆಯಿಂದ ಎಳೆಯ ಸಸಿಗಳನ್ನು ಕಾಯಲು ಪ್ಲಾಸ್ಟಿಕ್ ಹಾಳೆ ಹೊದಿಸಿದ ಕಮಾನುಮನೆ ಉತ್ತಮ ಸಾಧನ. ಅದರ ಕಮಾನುಗಳನ್ನು ಕೊಂಡು ತರುವುದಕ್ಕಿಂತ ವಿದ್ಯಾರ್ಥಿಗಳೇ ಬಾಗಿಸುವುದು ಲೇಸೆಂದು ನನ್ನ ಅಭಿಪ್ರಾಯ. ಹಣದ ಉಳಿತಾಯ ಇದಕ್ಕೆ ಮುಖ್ಯ ಕಾರಣವಲ್ಲ.

೩ ಮೀಟರ್ ಅಗಲದ ಅರ್ಧವೃತ್ತಕ್ಕೆ ಎಷ್ಟು ಕೊಳವೆ ಬೇಕು? ಅಗಲವನ್ನು ಪೈಯ ಅರ್ಧದಿಂದ, ಅಂದರೆ ೧.೫೭ರಿಂದ ಗುಣಿಸಿರಿ: ೪.೭೧ ಮೀಟರ್. ೬ ಮೀಟರ್ ಕೊಳವೆಯಲ್ಲಿ ಮಿಕ್ಕಿದ್ದು ಇಕ್ಕೆಲಗಳಲ್ಲಿ ನೆಟ್ಟಗೆ ನಿಂತು ಮಣ್ಣಿಗಿಳಿಯುವುದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಪೈ ಇಲ್ಲಿ ಕೈಗೆ ಸಿಗುತ್ತದೆ!

ಮೊಣಕಾಲಿಗೆ ಆನಿಸಿ ಜಗ್ಗಿದರೆ ಕೊಳವೆ ಒಂದೆಡೆ ಚಪ್ಪಟೆಯಾಗಿ ಕೆಡುವುದು. ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು, ಅವಸರ ಸಲ್ಲದು. ಹಲಗೆಯ ಮೇಲೆ ಮರದ ತುಂಡುಗಳನ್ನು ಕಮಾನಿನಾಕಾರದಲ್ಲಿ ಜಡಿದು, ಅವುಗಳಿಗೆ ಒತ್ತಿ ಗೇಣುಗೇಣಾಗಿ ಬಾಗಿಸಬೇಕು. ಈ ಅಚ್ಚು ಬೇಕಾದ ಕಮಾನಿಗಿಂತ ಕಿರಿದಾಗಿರಲಿ. ಕೈಬಿಟ್ಟೊಡನೆ ಉಕ್ಕು ತುಸು ಹಿಂದಕ್ಕೆ ಚಿಮ್ಮುವುದು. ಎಷ್ಟೆಂಬುದನ್ನು ಆಯಾ ಕೊಳವೆಯನ್ನೇ ಬಾಗಿಸಿ ಅಳೆದು ತಿಳಿಯತಕ್ಕದ್ದು.

ಕೆಲವರು ಕಾಯಿಸಿ ಬಾಗಿಸಲು ಹೊರಡುವರು. ಸತು ಲೇಪಿಸಿದ ಕೊಳವೆಗೆ ಅದು ಕೂಡದು. ಸತುವಿನ ಹೊಗೆ ಜ್ವರ ತರಿಸುವುದು.

ಬರುವ ಜೂನಿನೊಳಗೆ ಶಾಲೆಯ ಅಂಗಳದ ಮೂಲೆಯಲ್ಲಿ ಇಂತಹ ನಾಲ್ಕು ಕಮಾನುಗಳು ಏಳಲಿ. ಗಣಿತದ ಗುರುಗಳೂ ಅಳತೆಪಟ್ಟಿ ಹಿಡಿದು ಬರಲಿ.