ಮುಡುಕುತೊರೆಯ ಮಳಲೂ ನವೀನ ವಿಜ್ಞಾನವೂ

ವಿಜ್ಞಾನದಲ್ಲಿ ಹೊಸದೊಂದು ಸಾಧನೆಯಾದಾಗಲೆಲ್ಲ ನಮ್ಮ ಪತ್ರಿಕೆಗಳು ಅದನ್ನು ದಪ್ಪಕ್ಷರಗಳಲ್ಲಿ ಪ್ರಕಟಿಸುತ್ತವೆ. ಸಭೆಗಳಲ್ಲಿ ಅಭಿನಂದನೆಯ ನಿರ್ಣಯಗಳಾಗುತ್ತವೆ. ಶಾಲೆಗಳಲ್ಲಿ ಮಿಠಾಯಿ ಹಂಚುವುದೂ ಉಂಟು. 2023ನೆಯ ಆಗಸ್ಟ್ 23ರಂದು ಚಂದ್ರಯಾನದ ಮೂರನೆಯ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದ ಸಂಜೆ ಊರೂರಿನಲ್ಲಿ ಉಂಟಾದ ಸಂತೋಷದಲ್ಲಿ ನಾವೂ ಭಾಗಿಗಳಾಗಿದ್ದೆವು. ಆದರೆ ಮರುದಿನ ತರಗತಿಯಲ್ಲಿ ಹುಡುಗನೊಬ್ಬನು ಎದ್ದು ನಿಂತು, ಗಾಳಿಯೇ ಇಲ್ಲದ ಕಡೆಯಲ್ಲಿ ನೌಕೆಯ ವೇಗವನ್ನು ತಗ್ಗಿಸಿದುದು ಹೇಗೆಂದು ಕೇಳಿದ್ದರೆ, ಅವನಿಗೆ ತಿಳಿಯುವ ಕನ್ನಡದಲ್ಲಿ ಸಮಾಧಾನ ಹೇಳಬಲ್ಲ ಶಾಲೆಗಳು ಎಷ್ಟಿದ್ದುವು? ಈ ಪ್ರಶ್ನೆಯನ್ನು ನಾವು ಉಪಾಧ್ಯಾಯರನ್ನು ನಿಂದಿಸುವ ಉದ್ದೇಶದಿಂದ ಕೇಳುತ್ತಿಲ್ಲ. ಶೋಧನೆಯ ಸುದ್ದಿಯನ್ನು ಅವರಿಗೂ ಕೊಟ್ಟಿದ್ದೇವೆ, ವಿವರಣೆಯನ್ನು ಅವರಿಗೂ ಕೊಟ್ಟಿಲ್ಲ.

ವಿವರಣೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ನಮ್ಮ ಅಭಿಪ್ರಾಯ ಇಷ್ಟೆ: ವಿದ್ಯಾರ್ಥಿಯ ಕಣ್ಣೆದುರಿಗೆ ಇರುವ ವಸ್ತುವಿನಿಂದ. ತಿರುಮಕೂಡಲು ನರಸೀಪುರದ ತಾಲ್ಲೂಕಿನ ಮುಡುಕುತೊರೆಯನ್ನು ತೆಗೆದುಕೊಳ್ಳೋಣ. ಮಲ್ಲಿಕಾರ್ಜುನಸ್ವಾಮಿಯ ಬೆಟ್ಟ, ಜಾತ್ರೆ, ದನಗಳ ಪರಿಷೆ ಇವುಗಳಿಂದ ಆ ಊರು ನಮ್ಮ ವಾಚಕರಿಗೆ ಚಿರಪರಿಚಿತವಾದುದು. ತಲಕಾಡಿನ ಪಂಚಲಿಂಗ ದರ್ಶನಕ್ಕೆ ಹೋದವರು ಬೆಟ್ಟವನ್ನು ಹತ್ತದೆ ಬರುವುದಿಲ್ಲ. ಊರಿನ ಹೆಸರೇ ಒಂದು ಭೂಗೋಳದ ಪಾಠವಾಗಿದೆ. ಮುಡುಕು ಎಂದರೆ ತಿರುವು. ತೊರೆ ತಿರುಗಿದ ಸ್ಥಳವಾದ್ದರಿಂದ ಮುಡುಕುತೊರೆ. ಹೀಗೆ ಹೆಸರಿಟ್ಟ ಹಿರಿಯರು ನದಿಯನ್ನು ಚೆನ್ನಾಗಿ ನೋಡಿದ್ದರು.

ಹೊಳೆ ತಿರುಗುವ ಕಡೆಯಲ್ಲಿ ಹೊರದಂಡೆ ಕೊರೆಯುತ್ತದೆ, ಒಳದಂಡೆಯಲ್ಲಿ ಮಳಲು ಬೀಳುತ್ತದೆ. ಇದು ಏಕೆ? 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನರು ಇದಕ್ಕೆ ಕೊಟ್ಟ ಉತ್ತರವನ್ನು ಯಾವ ವಿದ್ಯಾರ್ಥಿಯೂ ತನ್ನ ಮನೆಯ ಅಡಿಗೆಮನೆಯಲ್ಲಿ ಪರೀಕ್ಷಿಸಬಹುದು. ಒಂದು ಲೋಟದ ನೀರಿಗೆ ಚಿಟಿಕೆಯಷ್ಟು ಟೀ ಚರಟವನ್ನು ಹಾಕಿ, ಚಮಚದಿಂದ ಗಿರ್ರನೆ ತಿರುಗಿಸಿ ಬಿಡಲಿ. ಸುತ್ತುವ ವಸ್ತು ಹೊರಕ್ಕೆ ಹೋಗಬೇಕೆಂದು ನಾವು ಎಣಿಸುತ್ತೇವೆ. ಆದರೆ ಚರಟವೆಲ್ಲ ತಳದ ನಡುವಿಗೆ ಬಂದು ಕೂಡುತ್ತದೆ. ಮೇಲಿನ ನೀರು ವೇಗದಿಂದ ಸುತ್ತಿ ಅಂಚಿಗೆ ಒತ್ತುತ್ತದೆ. ತಳದ ನೀರಿಗೆ ಲೋಟದ ಅಡಿಯ ಘರ್ಷಣೆಯಿಂದ ಅಷ್ಟು ವೇಗವಿರುವುದಿಲ್ಲ. ಆದ್ದರಿಂದ ನೀರು ಅಂಚಿನಲ್ಲಿ ಕೆಳಗಿಳಿದು, ತಳದಲ್ಲಿ ಒಳಮುಖವಾಗಿ ಹರಿದು, ಚರಟವನ್ನು ಜೊತೆಗೆ ತರುತ್ತದೆ. ಹೊಳೆಯ ತಿರುವಿನಲ್ಲಿ ನಡೆಯುವುದೂ ಇದೇ. ಅಲ್ಲಿ ಚರಟದ ಬದಲು ಮಳಲು. ಜಗದ್ವಿಖ್ಯಾತನಾದ ಶಾಸ್ತ್ರಜ್ಞನು ಲೋಟವನ್ನು ಹೀನವೆಂದೆಣಿಸಲಿಲ್ಲ. ನಮ್ಮ ಕೆಲವು ಪಾಠಶಾಲೆಗಳು ಮಾತ್ರ ಬೀಗ ಹಾಕಿದ ಗಾಜಿನ ಬೀರುವಿಲ್ಲದೆ ವಿಜ್ಞಾನವಿಲ್ಲವೆಂದು ತಿಳಿದಂತಿದೆ.

ಮಳಲಿನ ಮಾತು ಬಂದಮೇಲೆ ತಲಕಾಡಿನ ಮಾತು ಬಾರದಿರುವುದಿಲ್ಲ. ಗಂಗರ ರಾಜಧಾನಿಯಾಗಿದ್ದ ಆ ಪಟ್ಟಣವು ಮಳಲಿನಲ್ಲಿ ಹೂತುಹೋದುದಕ್ಕೆ ಅಲಮೇಲಮ್ಮನ ಶಾಪವು ಕಾರಣವೆಂದು ಜನ ಹೇಳುತ್ತ ಬಂದಿದ್ದಾರೆ. ರಾಜ ಒಡೆಯರಿಗೆ ಶ್ರೀರಂಗಪಟ್ಟಣ ದಕ್ಕಿದ 1610ರ ಸುಮಾರಿನ ಕಥೆ ಅದು. ನೊಂದ ಹೆಂಗಸಿನ ಕಣ್ಣೀರನ್ನು ಜನ ನಾಲ್ಕು ಶತಮಾನ ಮರೆಯದೆ ಇರುವುದನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ವಿದ್ವಾಂಸರು ಇನ್ನೊಂದು ಕಾರಣವನ್ನೂ ಮುಂದಿಟ್ಟಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಅಲ್ಲಿಯೇ ಸಮೀಪದಲ್ಲಿ ಮಾಧವಮಂತ್ರಿಯ ಅಣೆಕಟ್ಟು ಕಟ್ಟಲ್ಪಟ್ಟಿತು. ಹೊಳೆಯ ಹರಿವು ತಗ್ಗಿ ಪಾತ್ರದ ಮಳಲು ಬಿಸಿಲಿಗೆ ಬಯಲಾಯಿತು. ನೈಋತ್ಯದ ಗಾಳಿಯು ಅದನ್ನು ಎತ್ತಿ ಊರಿನ ಮೇಲೆ ಸುರಿಯುತ್ತ ಬಂದಿತು ಎಂಬುದು ಆ ವಾದ. ಕೃಷಿವಿಜ್ಞಾನಿಗಳೂ ಕಾದಂಬರಿಕಾರರೂ ಆದ ಡಾ. ಕೆ. ಎನ್. ಗಣೇಶಯ್ಯನವರು ಇದನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ.

ಶಾಪಕ್ಕೂ ಅಣೆಕಟ್ಟಿಗೂ ನಡುವೆ ಎರಡೂವರೆ ಶತಮಾನಕ್ಕೆ ಮೇಲ್ಪಟ್ಟ ಅಂತರವಿದೆ. ಹಾಗಾದರೆ ಮಳಲು ಊರಿನ ಮೇಲೆ ಬಿದ್ದುದು ಯಾವಾಗ? ಇದನ್ನು ಮಳಲಿನ ಕಾಳನ್ನೇ ಕೇಳಬಹುದೆಂಬುದು ನವೀನ ವಿಜ್ಞಾನದ ಅತ್ಯಂತ ಸೊಗಸಾದ ಶೋಧನೆಗಳಲ್ಲೊಂದು. ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಎಂಬ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತವೆ. ಅವುಗಳಿಂದ ಹೊರಡುವ ವಿಕಿರಣವು ಬೆಣಚುಕಲ್ಲಿನ ಹರಳಿನೊಳಗೆ ಹೊಕ್ಕು ಎಲೆಕ್ಟ್ರಾನುಗಳನ್ನು ಅವುಗಳ ನೆಲೆಯಿಂದ ಕದಲಿಸುತ್ತದೆ. ಹಾಗೆ ಕದಲಿದವುಗಳಲ್ಲಿ ಕೆಲವು ಹರಳಿನ ಲೋಪಗಳಲ್ಲಿ, ಕುಳಿಗೆ ಬಿದ್ದ ಗೋಲಿಯಂತೆ, ಸಿಕ್ಕಿಕೊಳ್ಳುತ್ತವೆ. ಬಿಸಿಲು ತಾಗಿದರೆ ಕುಳಿಗಳೆಲ್ಲ ಬರಿದಾಗುತ್ತವೆ. ಕಾಳು ಕತ್ತಲಲ್ಲಿ ಹೂತ ಕ್ಷಣದಿಂದ ಮತ್ತೆ ತುಂಬತೊಡಗುತ್ತವೆ. ಪ್ರಯೋಗಶಾಲೆಯ ಮಂದವಾದ ಕೆಂಪು ದೀಪದಲ್ಲಿ ಆ ಕಾಳನ್ನು ಹೊರತೆಗೆದು, ಗೊತ್ತಾದ ಬಣ್ಣದ ಬೆಳಕನ್ನು ಬೀರಿದರೆ, ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಬಿಡುಗಡೆ ಹೊಂದಿ ಕಾಳು ಕ್ಷೀಣವಾಗಿ ಮಿನುಗುತ್ತದೆ. ಆ ಮಿನುಗಿನ ಅಳತೆಯೇ ಕಾಳು ಎಷ್ಟು ಕಾಲ ಕತ್ತಲಲ್ಲಿತ್ತೆಂಬುದರ ಗುರುತು.

ಲೆಕ್ಕ ಹೈಸ್ಕೂಲಿನದು. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಇಟ್ಟ ಕೊಡದಲ್ಲಿ ಎಷ್ಟು ನೀರಿದೆಯೆಂಬುದೂ ಗಂಟೆಗೆ ಎಷ್ಟು ಬೀಳುತ್ತದೆಯೆಂಬುದೂ ತಿಳಿದರೆ ಕೊಡವನ್ನು ಇಟ್ಟ ಹೊತ್ತು ತಿಳಿಯುತ್ತದೆ. ವಿಕಿರಣದ ಅಳತೆಗೆ ಗ್ರೇ ಎಂದು ಹೆಸರು. ಉದಾಹರಣೆಗೆ, ಕಾಳಿನಲ್ಲಿ ಒಟ್ಟು 1.2 ಗ್ರೇ ಸೇರಿದ್ದು, ಆ ನೆಲದಲ್ಲಿ ವರ್ಷಕ್ಕೆ ಒಂದು ಗ್ರೇಯ ಸಾವಿರದಲ್ಲಿ 3 ಭಾಗ ಸೇರುವುದಾದರೆ, ಕಾಳು ಹೂತು 400 ವರ್ಷಗಳಾದುವು. ಈ ಲೆಕ್ಕದಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದು ಹತ್ತರಷ್ಟು ಹೆಚ್ಚುಕಡಮೆ ಬರುವುದುಂಟು. ನಾನೂರು ವರ್ಷದಲ್ಲಿ ನಲವತ್ತು ವರ್ಷ ಆಚೀಚೆಯಾದರೂ ಹದಿನಾಲ್ಕನೆಯ ಶತಮಾನವನ್ನೂ ಹದಿನೇಳನೆಯದನ್ನೂ ಬೇರೆಮಾಡಿ ಹೇಳಲು ಅಡ್ಡಿಯಿಲ್ಲ.

ಇದು ಹೊರದೇಶದವರೇ ಮಾಡಬೇಕಾದ ವಿದ್ಯೆಯೆಂದು ಯಾರೂ ಭಾವಿಸಬೇಕಾದುದಿಲ್ಲ. ಬೆಳಕನ್ನು ಬೀರಿ ಕಾಲವನ್ನಳೆಯುವ ವಿಧಾನವನ್ನು 1985ರಲ್ಲಿ ಕೆನಡಾದ ಶಾಸ್ತ್ರಜ್ಞರು ಪ್ರಕಟಿಸಿದರು, ನಿಜ. ಆದರೆ ಅದಕ್ಕೆ ಮೂರು ವರ್ಷ ಮೊದಲೇ, 1982ರಲ್ಲಿ, ಕಾಳನ್ನು ಕಾಯಿಸಿ ಮಿನುಗಿಸುವ ಹಿಂದಿನ ಕ್ರಮದಿಂದ ರಾಜಸ್ಥಾನದ ಮರಳುದಿಣ್ಣೆಗಳ ವಯಸ್ಸನ್ನು ಕಂಡುಹಿಡಿದವರು ಅಹಮದಾಬಾದಿನ ಭೌತವಿಜ್ಞಾನ ಸಂಶೋಧನಾಲಯದ ಅಶೋಕ ಸಿಂಘ್ವಿಯವರೂ ಅವರ ಸಹೋದ್ಯೋಗಿಗಳೂ. ಚೆನ್ನೈಗೆ ಸಮೀಪದ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು, ಕುಮಾರ್ ಅಖಿಲೇಶ್ ಇವರು ಅಗೆದು ತೆಗೆದ ಶಿಲಾಯುಧಗಳಲ್ಲಿ ಒಂದು ಬಗೆಯವು 3,85,000 ವರ್ಷಗಳಷ್ಟು ಹಿಂದಿನವೆಂದು 2018ರಲ್ಲಿ ಲೋಕಕ್ಕೆ ತಿಳಿದುದೂ ಇಂಥ ಮಿನುಗಿನ ಸಾಕ್ಷ್ಯದಿಂದಲೇ. ಭಾರತದಲ್ಲಿ ಆ ಬಗೆಯ ಆಯುಧಗಳ ಚರಿತ್ರೆಯನ್ನು ಅದು ಲಕ್ಷಗಟ್ಟಲೆ ವರ್ಷ ಹಿಂದಕ್ಕೆ ಸರಿಸಿತು. ಇಷ್ಟನ್ನು ತಿಳಿದ ತಲಕಾಡಿನ ಹುಡುಗನಿಗೆ ತನ್ನ ಕಾಲಡಿಯ ಮಳಲು ಮತ್ತೆ ಬರಿಯ ಮಳಲಾಗಿ ಕಾಣಲಾರದು.

ಇನ್ನು ಯಂತ್ರಶಿಲ್ಪದ ಮಾತು. 2025ನೆಯ ಜುಲೈ 30ರಂದು ಶ್ರೀಹರಿಕೋಟೆಯಿಂದ ನಿಸಾರ್ ಎಂಬ ಉಪಗ್ರಹವು ಮೇಲೇರಿತು. ಅಮೆರಿಕದ ನಾಸಾ ಸಂಸ್ಥೆಯೂ ನಮ್ಮ ಇಸ್ರೋ ಸಂಸ್ಥೆಯೂ ಕೂಡಿ ಮಾಡಿದ ಇದನ್ನು ಜೋಡಿಸಿದುದು ಬೆಂಗಳೂರಿನಲ್ಲಿ. ಛಾಯಾಚಿತ್ರ ತೆಗೆಯುವ ಉಪಗ್ರಹಕ್ಕೆ ಬಿಸಿಲು ಬೇಕು, ಮೋಡವಿರಬಾರದು. ನಿಸಾರ್ ತಾನೇ ರೇಡಿಯೋ ಅಲೆಗಳನ್ನು ನೆಲಕ್ಕೆ ಕಳುಹಿಸಿ, ಮರಳಿ ಬಂದುದನ್ನು 12 ಮೀಟರು ಅಗಲದ ಕೊಡೆಯಂಥ ಜಾಲರಿಯಲ್ಲಿ ಹಿಡಿಯುತ್ತದೆ. ರಾತ್ರಿಯಾದರೂ ಮೋಡ ಕವಿದರೂ ಅದಕ್ಕೆ ಬಾಧಕವಿಲ್ಲ. 12 ದಿನಗಳಿಗೊಮ್ಮೆ ಅದೇ ಸ್ಥಳವನ್ನು ಅದೇ ದಾರಿಯಿಂದ ನೋಡುತ್ತದೆ. ಈ ನಡುವೆ ನೆಲವು ಒಂದೆರಡು ಸೆಂಟಿಮೀಟರಿನಷ್ಟು ಕುಸಿದಿದ್ದರೂ, ಹಿಂದಿನ ಅಲೆಯ ಉಬ್ಬುತಗ್ಗುಗಳಿಗೂ ಈಗಿನವಕ್ಕೂ ತಾಳೆ ತಪ್ಪುತ್ತದೆ. ತಪ್ಪಿದ ಮೊತ್ತದಿಂದ ಕುಸಿತದ ಮೊತ್ತ ತಿಳಿಯುತ್ತದೆ. ಕಾವೇರಿಯು ತನ್ನ ಮಳಲನ್ನು ಹೆಚ್ಚಾಗಿ ಕದಲಿಸುವುದು ಮಳೆಗಾಲದ ಪ್ರವಾಹದಲ್ಲಿ, ಎಂದರೆ ಆಕಾಶದಲ್ಲಿ ಮೋಡವಿರುವಾಗಲೇ ಎಂಬುದನ್ನು ನೆನೆದರೆ ಇದರ ಪ್ರಯೋಜನ ಹೊಳೆದಂಡೆಯವರಿಗೆ ಬೇಗನೆ ತಿಳಿದೀತು. ಮೈಸೂರು ಸೀಮೆಯಲ್ಲಿ ಕಾವೇರಿಯ ನೀರು ಹಿಂದೆ ಅಲ್ಲಲ್ಲಿ ದೊಡ್ಡ ಸರೋವರಗಳಾಗಿ ನಿಂತಿತ್ತೆಂದೂ, ನೆಲದ ಹಳೆಯ ಬಿರುಕುಗಳು ಮತ್ತೆ ಅಲುಗಿದುದೇ ಅದಕ್ಕೆ ಕಾರಣವೆಂದೂ ಭೂವಿಜ್ಞಾನಿ ಕೆ. ಎಸ್. ವಾಲ್ದಿಯಾ ಮತ್ತು ಜಿ. ರಾಜಗೋಪಾಲನ್ 2000ದಲ್ಲಿ ಪ್ರತಿಪಾದಿಸಿದ್ದರು.

ಹೊಸ ವಿದ್ಯೆ ನಮ್ಮ ಬಾಗಿಲಿಗೆ ಬಂದುದು ಇದು ಮೊದಲಲ್ಲ. ಮುಡುಕುತೊರೆಯಿಂದ ಹೊಳೆಯ ಜೊತೆಯಲ್ಲೇ ಇಳಿದುಹೋದರೆ ಸಿಕ್ಕುವ ಶಿವಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹೋಯಿತು; ಅಷ್ಟು ದೂರ ಸಾಗಿಸಿದುದು ಆ ಕಾಲಕ್ಕೆ ಲೋಕದ ಬೆರಗು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಬೀಳುವ ನೀರು ಬೆಳಕಾಗುವುದು ಹೇಗೆಂದು ಕನ್ನಡದಲ್ಲಿ ಹೇಳಬೇಕೆಂಬ ಹಂಬಲದಿಂದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಹೆಚ್ಚುಕಾಲ ಬಾಳಲಿಲ್ಲ. ‘ಬಾಲವಿಜ್ಞಾನ’ ಆರಂಭವಾಗುವ ಹೊತ್ತಿಗೆ 1978 ಬಂದಿತ್ತು. ನಡುವಣ ಅರುವತ್ತು ವರ್ಷಗಳಲ್ಲಿ ಶಿವರಾಮ ಕಾರಂತರಂಥ ಕೆಲವರು ಒಂಟಿಯಾಗಿ ಹೊತ್ತ ಭಾರವನ್ನು ನೆನೆದರೆ ಗೌರವವೂ ಆಗುತ್ತದೆ, ನಾಚಿಕೆಯೂ ಆಗುತ್ತದೆ.

ಕನ್ನಡದಲ್ಲಿ ಪದಗಳಿಲ್ಲವೆಂಬ ಆಕ್ಷೇಪಣೆಯನ್ನು ನಾವು ಬಹುಕಾಲದಿಂದ ಕೇಳುತ್ತಿದ್ದೇವೆ. ಅಣೆ, ತೂಬು, ಕೋಡಿ, ಮಡು, ಸುಳಿ, ದಿಣ್ಣೆ, ಮುಡುಕು ಎಂಬ ಮಾತುಗಳಿರುವ ರೈತನ ಭಾಷೆಯಲ್ಲಿ ಜಲಶಾಸ್ತ್ರವನ್ನು ಹೇಳಲಾಗದೆಂದರೆ ಕೊರತೆ ಹೇಳುವವರಲ್ಲಿದೆ. ಎಲೆಕ್ಟ್ರಾನು ಎಲೆಕ್ಟ್ರಾನಾಗಿಯೇ ಇರಲಿ. ಬಸ್ಸು ರೈಲುಗಳು ಬಂದಂತೆ ಅದೂ ಬರಲಿ. ನಷ್ಟವಾಗುತ್ತಿರುವುದು ಬೇರೆ ಕಡೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ನಂಜನಗೂಡಿನ, ನರಸೀಪುರದ ಹುಡುಗ ಹುಡುಗಿಯರು ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ತೆಗೆದುಕೊಂಡೊಡನೆ ಪಾಠವೆಲ್ಲ ಇಂಗ್ಲೀಷಾಗುತ್ತದೆ. ಬುದ್ಧಿಗೆ ಎಟಕುವ ವಿಷಯವೂ ಭಾಷೆಯ ಹೊಸ್ತಿಲಲ್ಲಿ ಎಡವುತ್ತದೆ. ತಮಗೆ ವಿಜ್ಞಾನ ಒಗ್ಗದೆಂದು ಅವರು ತಾವೇ ತೀರ್ಮಾನಿಸಿಕೊಂಡು ಹಿಂದೆ ಸರಿಯುತ್ತಾರೆ. ಈ ಎರಡು ವರ್ಷಗಳಲ್ಲಿ ನಾಡು ಕಳೆದುಕೊಳ್ಳುವ ಮಕ್ಕಳ ಲೆಕ್ಕವನ್ನು ಯಾವ ಅಭಿನಂದನಾ ಸಭೆಯೂ ಓದುವುದಿಲ್ಲ.

ಆದ್ದರಿಂದ ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿಯೂ ತಾಲ್ಲೂಕಿನ ಪ್ರಮುಖರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಮುಡುಕುತೊರೆಯ ಮುಂದಿನ ಜಾತ್ರೆಯಲ್ಲಿ, ದನದ ಪರಿಷೆಯ ಪಕ್ಕದಲ್ಲೇ, ಒಂದು ಚಪ್ಪರ ಹಾಕಿಸಲಿ. ಕೆಲವು ಲೋಟಗಳು, ಒಂದು ಬುಟ್ಟಿ ಮಳಲು, ನಾಲ್ಕು ಭೂತಗನ್ನಡಿಗಳು, ಹೊಳೆಯ ದೊಡ್ಡದೊಂದು ನಕ್ಷೆ, ಚೆನ್ನಾಗಿ ಮಾತಾಡಬಲ್ಲ ಇಬ್ಬರು ಉಪಾಧ್ಯಾಯರು ಇಷ್ಟಿದ್ದರೆ ಸಾಕು. ಮಂತ್ರಿಗಳ ಸ್ವಾಗತಕ್ಕೆ ಕಟ್ಟುವ ಒಂದು ಕಮಾನಿನ ಖರ್ಚು ಇದಕ್ಕೆ ಹಿಡಿಯಲಾರದು. ಇನ್ನೊಂದು ಕೆಲಸವು ಜಾತ್ರೆಗಿಂತ ಅವಸರದ್ದು. ಕನ್ನಂಬಾಡಿಯ ಕಟ್ಟೆಯೂ ಕಬಿನಿಯ ಕಟ್ಟೆಯೂ ಹೊಸ ಮಳಲನ್ನು ಮೇಲೆಯೇ ತಡೆಯುತ್ತಿವೆ. ಇದ್ದ ಮಳಲು ಕಟ್ಟಡಗಳಿಗಾಗಿ ಲಾರಿಗಳಲ್ಲಿ ಹೋಗುತ್ತಿದೆ. ಹೋದುದರ ಜೊತೆಗೆ ಅದರೊಳಗಿನ ಕಾಲದ ಲೆಕ್ಕವೂ ಹೋಗುತ್ತದೆ. ದಂಡೆಯ ಮಳಲಿನ ಪದರಗಳನ್ನು ಅಳೆದು, ಬರೆದು, ಕೊಳವೆಗಳಲ್ಲಿ ಬೆಳಕು ತಾಗದಂತೆ ತುಂಬಿಡುವ ಕೆಲಸವನ್ನು ವಿಶ್ವವಿದ್ಯಾನಿಲಯದವರು ಶಾಲೆಯ ಮಕ್ಕಳನ್ನು ಜೊತೆಗಿಟ್ಟುಕೊಂಡು ಮಾಡಬಹುದು. ಹೊಳೆ ಇಳಿದಿರುವ ಬೇಸಗೆಯೇ ಅದಕ್ಕೆ ತಕ್ಕ ಕಾಲ. ಮುಂಗಾರು ಹಿಡಿದಮೇಲೆ ಆ ಪದರಗಳು ನೀರಿನಡಿ ಸೇರುತ್ತವೆ.