ಪವರ್ ಪೆಟ್ರೋಲ್, ಅಡಿಟಿವ್ ಬಾಟಲಿ: ಎಂಜಿನ್ ಕ್ಲೀನ್ ಆಗುತ್ತಾ, ಜೇಬು ಖಾಲಿ ಆಗುತ್ತಾ?

ಬಂಕ್‌ಗೆ ಕಾರು ತಿರುಗಿಸಿದ ಕೂಡಲೇ ಬರೋ ಪ್ರಶ್ನೆ, ‘ನಾರ್ಮಲ್ಲಾ, ಪವರ್ರಾ?’ ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಅಡಿಟಿವ್ ಬಾಟಲಿಗಳ ಮಾತೂ ಜೋರಾಗಿದೆ. ಹಳೇ ಕಾರು, ಬಾಡಿಗೆ ಟ್ಯಾಕ್ಸಿ ಓಡಿಸೋರು ಹೆದರಿ ದುಡ್ಡು ಸುರಿಯುವ ಮೊದಲು ಕೆಲವು ವಿಷಯ ತಿಳಿದಿರಬೇಕು.

ಆಕ್ಟೇನ್ ಬೇರೆ, ಕ್ಲೀನಿಂಗ್ ಬೇರೆ

ಆಕ್ಟೇನ್ ಜಾಸ್ತಿ ಇದ್ರೆ ಎಂಜಿನ್ ಕ್ಲೀನ್ ಅನ್ನೋದು ತಪ್ಪು ಲೆಕ್ಕ. ಆಕ್ಟೇನ್ ತಡೆಯುವುದು ನಾಕಿಂಗ್ ಅನ್ನು ಮಾತ್ರ. ಅದೂ ಇ20ಯಲ್ಲಿ ಆಕ್ಟೇನ್ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಹಾಗಾಗಿ ಬರೀ 95 ಎಂಬ ಸಂಖ್ಯೆ ನೋಡಿ ಹೆಚ್ಚು ಕೊಡುವುದರಲ್ಲಿ ಅರ್ಥ ಕಡಿಮೆ.

ಕ್ಲೀನ್ ಮಾಡುವುದು ಪೆಟ್ರೋಲಿಗೆ ಸೇರಿಸುವ ಡಿಟರ್ಜೆಂಟ್. ಇದು ಸುಳ್ಳಲ್ಲ. ಅಮೆರಿಕದಲ್ಲಿ 1995ರಿಂದ ಎಲ್ಲ ಪೆಟ್ರೋಲಿಗೂ ಇದು ಕಡ್ಡಾಯ. ಅಲ್ಲಿನ ವಾಹನ ಸವಾರರ ಸಂಸ್ಥೆ ಎಎಎ 2016ರಲ್ಲಿ ಪರೀಕ್ಷೆ ಮಾಡಿದಾಗ, ಹೆಚ್ಚು ಡಿಟರ್ಜೆಂಟ್ ಇರುವ ‘ಟಾಪ್ ಟಿಯರ್’ ಪೆಟ್ರೋಲಿಗಿಂತ ಉಳಿದವು ಸರಾಸರಿ 19 ಪಟ್ಟು ಹೆಚ್ಚು ಕಾರ್ಬನ್ ಕೂರಿಸಿದ್ದವು. ನಮ್ಮಲ್ಲಿ ಪ್ರೀಮಿಯಂ ಪೆಟ್ರೋಲಿನಲ್ಲಿ ಇಂಥ ಅಂಶ ಇದೆ ಎಂದು ಕಂಪನಿಗಳು ಹೇಳುತ್ತವೆ.

ಎಲ್ಲ ಎಂಜಿನ್‌ಗೂ ಒಂದೇ ಮದ್ದಿಲ್ಲ

ಸಾಮಾನ್ಯ ಎಂಜಿನ್‌ನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಮೇಲೇ ಬೀಳುತ್ತೆ, ಹಾಗಾಗಿ ವಾಲ್ವ್ ತೊಳೆದಂತಾಗುತ್ತೆ. ಆದರೆ ಹೆಸರಲ್ಲಿ ‘ಜಿಡಿಐ’, ‘ಟಿಎಸ್‌ಐ’ ಇರುವ ಟರ್ಬೊ ಕಾರುಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಹೋಗುತ್ತೆ. ವಾಲ್ವ್‌ಗೆ ತಾಗೋದೇ ಇಲ್ಲ. ಅಲ್ಲಿ ಎಷ್ಟು ಬಾಟಲಿ ಸುರಿದರೂ ಇಂಜೆಕ್ಟರ್‌ಗೆ ಉಪಯೋಗವಾದೀತು, ವಾಲ್ವ್ ಮೇಲಿನ ಕಾರ್ಬನ್ ಹೋಗಲ್ಲ.

ಬಾಟಲಿ ಕೊಳ್ಳೋದಾದ್ರೆ ಲೇಬಲ್ ಮೇಲೆ ‘ಪಿಇಎ’, ಅಂದರೆ ಪಾಲಿಈಥರ್ ಅಮೀನ್, ಇದೆಯಾ ನೋಡಿ. ಇಂಜೆಕ್ಟರ್ ಕೊಳೆ ಬಿಡಿಸೋದ್ರಲ್ಲಿ ಹೆಸರು ಮಾಡಿರೋದು ಇದು.

ಇ20 ಭಯಕ್ಕೆ ಬಾಟಲಿ ಉತ್ತರ ಅಲ್ಲ

ಇ20ಗೆ ಹೊಂದದ ಗಾಡಿಗಳಲ್ಲಿ ಮೈಲೇಜ್ ಶೇ 3ರಿಂದ 6 ಇಳಿಯಬಹುದು ಎಂದು ಸರ್ಕಾರವೇ ಒಪ್ಪಿದೆ. ಎಥೆನಾಲ್‌ನಲ್ಲಿ ಶಕ್ತಿಯೇ ಕಡಿಮೆ, ಅದನ್ನು ಡಿಟರ್ಜೆಂಟ್ ತುಂಬಿಕೊಡಲ್ಲ. ಹಳೇ ಗಾಡಿಯ ರಬ್ಬರ್ ಪೈಪ್, ಗ್ಯಾಸ್ಕೆಟ್ ಸವೆದರೆ ಬದಲಿಸಲೇಬೇಕು. ಟ್ಯಾಂಕಿಗೆ ನೀರು ಸೇರಿದರೆ ಎಥೆನಾಲ್ ಅದರ ಜೊತೆ ಸೇರಿ ತಳಕ್ಕೆ ಇಳಿಯುತ್ತೆ, ಆಗ ಟ್ಯಾಂಕ್ ಖಾಲಿ ಮಾಡಿಸೋದೇ ದಾರಿ.

ಗ್ರಾಹಕರು ಏನು ಮಾಡಬಹುದು?

ಪೆಟ್ರೋಲ್ ಮೇಲೆ ಅನುಮಾನ ಬಂದರೆ ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಕೇಳಿ ಪಡೆಯಬಹುದು. ಒಂದು ಹನಿ ಬಿಟ್ಟರೆ ಆರಿದ ಮೇಲೆ ಕಲೆ ಉಳಿಯಬಾರದು. ಸಾಂದ್ರತೆ, 5 ಲೀಟರ್ ಅಳತೆಯನ್ನೂ ಪರೀಕ್ಷಿಸಿ ತೋರಿಸಿ ಅನ್ನಬಹುದು. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಚೆನ್ನಾಗಿ ಓಡ್ತಿರೋ ಗಾಡಿಗೆ ಪ್ರತಿ ಸಲ ಬಾಟಲಿ ಬೇಡ. ಪಿಕಪ್ ಇಲ್ಲ, ಸ್ಟಾರ್ಟಿಂಗ್ ತೊಂದರೆ ಅಂದ್ರೆ ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡಿಸಿ. ಬಾಟಲಿ ದುಡ್ಡಿಗೆ ಮೊದಲ ಹಕ್ಕು ಸರ್ವೀಸ್‌ನದ್ದು.