ಹಾಲೆಲ್ಲ ಹೊರಟರೆ ಹೆಪ್ಪು ಎಲ್ಲಿಯದು?

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಹಳ್ಳಿಗಳಲ್ಲಿ ಇತ್ತೀಚೆಗೆ ಒಂದು ವಿಚಿತ್ರವನ್ನು ಕಾಣುತ್ತಿದ್ದೇವೆ. ಬೆಳಗಾಗುತ್ತಲೇ ಕೊಟ್ಟಿಗೆಯ ಹಾಲು ತಂಬಿಗೆಯಲ್ಲಿ ಮನೆಯಿಂದ ಹೊರಡುತ್ತದೆ. ಅದೇ ಮನೆಗೆ ಮಧ್ಯಾಹ್ನದ ಊಟದ ಹೊತ್ತಿಗೆ ಪೇಟೆಯ ಅಂಗಡಿಯಿಂದ ಪಾಕೀಟಿನ ಮೊಸರು ಬರುತ್ತದೆ. ಆ ಪಾಕೀಟು ಘಟ್ಟ ಇಳಿದೋ, ಹೆದ್ದಾರಿ ಹಿಡಿದೋ ಎಷ್ಟೋ ಮೈಲಿ ಪ್ರಯಾಣ ಮಾಡಿ ಬಂದಿರುತ್ತದೆ. ಆಕಳು ಕಟ್ಟಿದವನೇ ಮೊಸರಿಗೆ ಕಾಸು ಎಣಿಸುವ ಈ ಪರಿಸ್ಥಿತಿಯನ್ನು ಕುರಿತು ನಮ್ಮ ರೈತರು ಸ್ವಲ್ಪ ಕುಳಿತು ಲೆಕ್ಕ ಹಾಕುವುದು ಅವಶ್ಯವಾಗಿದೆ.

ಸಹಕಾರಿ ಹಾಲು ಸಂಘಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮವು ಸ್ಥಾಪನೆಯಾಗಿ, 1984ರಲ್ಲಿ ಅದು ಹಾಲು ಮಹಾಮಂಡಳವಾದ ಮೇಲೆ ರಾಜ್ಯದ ಲಕ್ಷಾಂತರ ಕುಟುಂಬಗಳಿಗೆ ಹದಿನೈದು ದಿನಕ್ಕೊಮ್ಮೆ ಖಚಿತವಾದ ಹಣ ಕೈಸೇರುವಂತಾಯಿತು. ಮಧ್ಯವರ್ತಿಯ ಅಳತೆಯ ಮೋಸದಿಂದ ರೈತ ಪಾರಾದನು. ನಮ್ಮ ಜಿಲ್ಲೆಯು ಧಾರವಾಡ ಒಕ್ಕೂಟದ ವ್ಯಾಪ್ತಿಯಲ್ಲಿದೆ. ಮಿಶ್ರತಳಿಯ ಎರಡು ಆಕಳು ಕಟ್ಟಿ, ದಿನಕ್ಕೆ ಹತ್ತು ಹನ್ನೆರಡು ಲೀಟರು ಕರೆಯುವವರು ಸಂಘಕ್ಕೇ ಹಾಕಬೇಕು. ಅವರಿಗೆ ಬೇರೆ ದಾರಿ ಲಾಭದ್ದಲ್ಲ. ಆದರೆ ಕರಾವಳಿಯ ಹೆಚ್ಚಿನ ಕೊಟ್ಟಿಗೆಗಳ ಕಥೆ ಅದಲ್ಲ.

ಇಲ್ಲಿ ದನ ಸಾಕಿದ್ದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಅಡಿಕೆ ತೋಟಕ್ಕೆ, ಗದ್ದೆಗೆ ಗೊಬ್ಬರವಾಗಬೇಕು. ಅದಕ್ಕಾಗಿ ಸೊಪ್ಪಿನ ಬೆಟ್ಟದಿಂದ ಸೊಪ್ಪು ದರಕು ತಂದು ಕೊಟ್ಟಿಗೆಗೆ ಹಾಸುವುದು, ದನವನ್ನು ಬೆಟ್ಟಕ್ಕೆ ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಕಲ್ಲು ಮುಳ್ಳು ಹತ್ತಿ, ನಾಲ್ಕು ತಿಂಗಳ ಜಡಿಮಳೆಯನ್ನು ತಡೆದು ಬದುಕುವ ಪುಟ್ಟ ಮಲೆನಾಡು ಗಿಡ್ಡವೇ ಈ ನೆಲಕ್ಕೆ ಹೇಳಿ ಮಾಡಿಸಿದ ದನ. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಇದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಹೊತ್ತಿಗೆ ಒಂದು ಲೀಟರಿನ ಆಸುಪಾಸು ಕೊಟ್ಟರೆ ಅದು ಒಳ್ಳೆಯ ಗಿಡ್ಡ. ಕರುವಿನ ಪಾಲು ಬಿಟ್ಟು ಉಳಿದ ಅರ್ಧ ಮುಕ್ಕಾಲು ಲೀಟರನ್ನು ಹಿಡಿದುಕೊಂಡು, ಹೊಳೆ ದಾಟಿ ಸಂಕ ದಾಟಿ ಸಂಘದ ಬಾಗಿಲಿಗೆ ಹೋಗಿ ನಿಲ್ಲುವ ಹೊತ್ತಿನಲ್ಲಿ ಒಂದು ಆಳಿನ ಅರ್ಧ ಬೆಳಗು ಕಳೆದಿರುತ್ತದೆ. ಆ ಹೊತ್ತಿನ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಲು ಕಡಿಮೆ ಇರುವಲ್ಲಿ ಹಾಲನ್ನು ಹಾಲಾಗಿಯೇ ಮಾರುವುದು ನಷ್ಟ, ಮೊಸರು ಮಾಡಿ ಮಾರುವುದು ಲಾಭ ಎಂಬುದು ನಮ್ಮ ಅಭಿಪ್ರಾಯ. ಒಂದು ಲೀಟರು ಹಾಲಿಗೆ ಹೆಪ್ಪು ಹಾಕಿದರೆ ಹೆಚ್ಚುಕಡಿಮೆ ಒಂದು ಕಿಲೋ ಮೊಸರು. ತೂಕದಲ್ಲಿ ಹೇಳಿಕೊಳ್ಳುವಂಥ ನಷ್ಟವಿಲ್ಲ. 2025ರ ಏಪ್ರಿಲ್ 1ರಂದು ನಂದಿನಿ ಹಾಲು ಮೊಸರುಗಳಿಗೆ 4 ರೂಪಾಯಿ ಏರಿಸಿದಾಗ ಟೋನ್ಡ್ ಹಾಲು ಲೀಟರಿಗೆ 46 ರೂಪಾಯಿ, ಮೊಸರು ಕಿಲೋಗೆ 54 ರೂಪಾಯಿ ಆಯಿತು. ಪಾಕೀಟಿನ ಹಾಲಿಗೂ ಪಾಕೀಟಿನ ಮೊಸರಿಗೂ ನಡುವೆ 8 ರೂಪಾಯಿ. ರೈತನ ಕೈಗೆ ಬರುವ ದರಕ್ಕೂ ಮೊಸರಿನ ದರಕ್ಕೂ ಇರುವ ಅಂತರ ಅದಕ್ಕಿಂತ ದೊಡ್ಡದು. ಅದೂ ಕೊಬ್ಬಿನ ಅಂಶವನ್ನು ಇಳಿಸಿದ ಹಾಲಿನ ಮೊಸರಿನ ಮಾತು. ಗಿಡ್ಡದ ಹಾಲಿನ ಕೆನೆಗಟ್ಟಿದ ಮೊಸರನ್ನು ಅದರ ಪಕ್ಕದಲ್ಲಿಟ್ಟು ನೋಡಿದವರಿಗೆ ಬೇರೆ ಜಾಹೀರಾತು ಬೇಡ.

2023ರ ಮಾರ್ಚ್ ತಿಂಗಳಲ್ಲಿ ಮೊಸರಿನ ಪಾಕೀಟಿನ ಮೇಲೆ ‘ದಹಿ’ ಎಂದೇ ಅಚ್ಚು ಹಾಕಬೇಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಹೇಳಿದಾಗ ನಾಡೆಲ್ಲ ಕೆರಳಿತು. ತಿಂಗಳು ಮುಗಿಯುವುದರೊಳಗೆ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ಆಗಬೇಕಾದುದೇ. ಆದರೆ ಮೊಸರು ಎಂಬ ಶಬ್ದಕ್ಕಾಗಿ ಅಷ್ಟು ಗಟ್ಟಿಯಾಗಿ ಕೂಗಿದ ನಾವು, ನಮ್ಮ ನೆಲುವಿನ ಮೇಲಿನ ಗಡಿಗೆ ಖಾಲಿಯಾದದ್ದನ್ನು ಗಮನಿಸಿಲ್ಲ.

ಇನ್ನು ಒಂದು ಸಂಗತಿಯನ್ನು ಪುರುಷ ಓದುಗರು ಬೇಸರಪಡದೆ ಕೇಳಬೇಕು. ಹಿಂದೆ ಬೆಣ್ಣೆ ತುಪ್ಪದ ಕಾಸು ಮನೆಯ ಹೆಂಗಸರದಾಗಿತ್ತು. ಹಾಲು ಕರೆಯುವುದು, ಕಾಸುವುದು, ಹೆಪ್ಪು ಹಾಕುವುದು, ಬೆಳಗಿನ ಜಾವ ಕಡೆಗೋಲು ಹಿಡಿಯುವುದು ಎಲ್ಲವೂ ಅವರ ಕೆಲಸ. ತುಪ್ಪ ಮಾರಿ ಬಂದ ನಾಲ್ಕು ಕಾಸೂ ಅವರ ಡಬ್ಬಿಗೆ. ಈಗ ಕರೆಯುವ ಕೆಲಸ ಅವರದೇ ಉಳಿದಿದೆ, ಹಣ ಮಾತ್ರ ಬ್ಯಾಂಕಿನ ಪುಸ್ತಕಕ್ಕೆ ಹೋಗುತ್ತದೆ. ಆ ಪುಸ್ತಕ ಹೆಚ್ಚಿನ ಮನೆಗಳಲ್ಲಿ ಯಜಮಾನರ ಹೆಸರಿನಲ್ಲಿದೆ. ಮೊಸರಿನ ವ್ಯವಹಾರ ಮತ್ತೆ ಮನೆಗೆ ಬಂದರೆ ಅದರ ಲೆಕ್ಕವನ್ನು ಅತ್ತೆ ಸೊಸೆಯರೇ ಇಡಲಿ.

ಆದರೆ ಮಾರುವ ಮೊಸರು ಇವತ್ತು ಸಿಹಿ, ನಾಳೆ ಹುಳಿ, ನಾಡಿದ್ದು ಲೋಳೆ ಎಂದಾಗಬಾರದು. ಮನೆಮಂದಿ ಸಹಿಸಿಕೊಳ್ಳುತ್ತಾರೆ, ಕಾಸು ಕೊಟ್ಟವರು ಸಹಿಸುವುದಿಲ್ಲ. ಆದುದರಿಂದ ಹೆಪ್ಪಿನ ವಿಷಯವನ್ನು ತುಸು ವಿವರವಾಗಿ ಬರೆಯುತ್ತಿದ್ದೇವೆ.

ಹೆಪ್ಪಿನಲ್ಲಿರುವುದು ಕಣ್ಣಿಗೆ ಕಾಣದ ಜೀವಾಣುಗಳು. ಅವು ಹಾಲಿನ ಸಕ್ಕರೆಯನ್ನು ಬಳಸಿಕೊಂಡು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ. ಹುಳಿ ಒಂದು ಹದಕ್ಕೆ ಬಂದೊಡನೆ ಹಾಲಿನ ಸಸಾರಜನಕ ಗಟ್ಟಿಕಟ್ಟುತ್ತದೆ. 1905ರಲ್ಲಿ ಬಲ್ಗೇರಿಯದ ಸ್ತಾಮೆನ್ ಗ್ರಿಗೊರೊವ್ ಎಂಬ ತರುಣ ತನ್ನ ಊರಿನ ಮೊಸರಿನಲ್ಲಿ ಇಂಥದೊಂದು ಜೀವಾಣುವನ್ನು ಗುರುತಿಸಿದನು. ಅನಂತರ ಮೆಚ್ನಿಕಾಫ್ ಎಂಬ ಪ್ರಸಿದ್ಧ ವಿಜ್ಞಾನಿ ಮೊಸರು ತಿಂದವರು ದೀರ್ಘಾಯುಗಳಾಗುತ್ತಾರೆಂದು ಸಾರಿ ಯೂರೋಪಿನಲ್ಲೆಲ್ಲ ಮೊಸರಿನ ಹುಚ್ಚು ಹತ್ತಿಸಿದನು. ಅಷ್ಟು ದೂರ ನಾವು ಹೋಗಬೇಕಾಗಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು ಮಜ್ಜಿಗೆ ಹಗುರವಾಗುತ್ತದೆ ಎಂಬಷ್ಟು ಸತ್ಯ.

ಹಾಲನ್ನು ಉಕ್ಕು ಬರಿಸಿ ಕೂಡಲೇ ಇಳಿಸದೆ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಯಲು ಬಿಡಬೇಕು. ಬೇಡದ ಜೀವಾಣುಗಳು ಸತ್ತರೆ ಹೆಪ್ಪಿನ ಜೀವಾಣುಗಳಿಗೆ ಹೊಲ ಹಸನು ಮಾಡಿಕೊಟ್ಟಂತೆ. ಅನಂತರ ಬೆರಳು ಅದ್ದಿದರೆ ಉಗುರುಬೆಚ್ಚಗೆನ್ನಿಸುವವರೆಗೆ, ಎಂದರೆ 37ರಿಂದ 40 ಡಿಗ್ರಿಯವರೆಗೆ, ಆರಿಸಬೇಕು. ಸುಡುವ ಹಾಲಿಗೆ ಹಾಕಿದ ಹೆಪ್ಪು ಸಾಯುತ್ತದೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ, ಇಲ್ಲವೆ ಒಡೆದಿರುತ್ತದೆ.

ಮೈಸೂರು ಬೆಂಗಳೂರಿನ ಕಡೆಯ ಪುಸ್ತಕಗಳಲ್ಲಿ ಬರೆದ ಹೆಪ್ಪಿನ ಅಳತೆ ನಮ್ಮ ಕರಾವಳಿಗೆ ನಡೆಯುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಹೊನ್ನಾವರದ ಅಡಿಗೆಮನೆ ಹಗಲೆಲ್ಲ 30 ಡಿಗ್ರಿ ದಾಟಿರುತ್ತದೆ, ರಾತ್ರಿಯೂ ಹೆಚ್ಚು ತಣಿಯುವುದಿಲ್ಲ. ಆಗ ಲೀಟರಿಗೆ ಅರ್ಧ ಚಮಚ ಹೆಪ್ಪು ಸಾಕು. ಐದಾರು ತಾಸಿನಲ್ಲಿ ಮೊಸರು ಆಗಿಬಿಡುತ್ತದೆ. ರಾತ್ರಿ ಎಂಟಕ್ಕೆ ಹೆಪ್ಪು ಹಾಕಿ ಬೆಳಿಗ್ಗೆ ಏಳಕ್ಕೆ ತೆಗೆದರೆ ಹುಳಿಯಾಗದೆ ಇನ್ನೇನಾದೀತು? ಸೆಕೆಗಾಲದಲ್ಲಿ ಮಲಗುವ ಮುನ್ನ ಹಾಕಬೇಕು, ಎದ್ದೊಡನೆ ಗಡಿಗೆಯನ್ನು ತಂಪಿಗೆ ಸೇರಿಸಬೇಕು. ಫ್ರಿಜ್ಜು ಇಲ್ಲದವರು ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆಯನ್ನಿಟ್ಟು ಒದ್ದೆ ಬಟ್ಟೆ ಸುತ್ತಿದರೂ ಮಧ್ಯಾಹ್ನದವರೆಗೆ ಕಾಯುತ್ತದೆ. ಮಳೆಗಾಲದ ಮಾತು ಬೇರೆ. ಆಷಾಢದಲ್ಲಿ ಲೀಟರಿಗೆ ಎರಡು ಚಮಚ ಬೇಕು. ಒಲೆಯ ಬದಿಯ ಬೆಚ್ಚಗಿನ ಜಾಗವೂ ಬೇಕು. ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಅಲುಗಿಸಬಾರದು. ಅಲುಗಿದರೆ ನೀರು ಬಿಡುತ್ತದೆ. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಯ ಪಾತ್ರೆ ಯಾವ ಕಾಲಕ್ಕೂ ಸಲ್ಲದು.

ಹೆಚ್ಚಿನ ಮನೆಗಳು ಸೋಲುವುದು ಹೆಪ್ಪನ್ನು ಕಾಯುವುದರಲ್ಲಿ. ಊಟದಲ್ಲಿ ಹತ್ತು ಕೈ ತಾಗಿ ತಳದಲ್ಲಿ ಉಳಿದ ಮೊಸರೇ ಮರುದಿನದ ಹೆಪ್ಪಾಗುತ್ತದೆ. ಹಾಗೆ ಮಾಡದೆ, ಹೊಸ ಮೊಸರು ಬಡಿಸುವುದಕ್ಕೆ ಮೊದಲೇ, ಮೇಲಿನ ಕೆನೆ ಸರಿಸಿ ನಡುವಿನಿಂದ ಎರಡು ಚಮಚ ಎತ್ತಿ, ಬಿಸಿನೀರಿನಲ್ಲಿ ತೊಳೆದ ಪುಟ್ಟ ಪಾತ್ರೆಯಲ್ಲಿ ಬೇರೆಯಾಗಿಟ್ಟುಕೊಳ್ಳಬೇಕು. ಮೊಸರಿನಲ್ಲಿ ಗುಳ್ಳೆ ಎದ್ದರೆ, ನೂಲಿನಂತೆ ಎಳೆಯುತ್ತಿದ್ದರೆ, ಹೆಂಡದ ವಾಸನೆ ಬಂದರೆ ಆ ಹೆಪ್ಪು ಕೆಟ್ಟಿತೆಂದೇ ತಿಳಿದು ಚೆಲ್ಲಿ, ಒಳ್ಳೆಯ ಮೊಸರಾಗುವ ಮನೆಯಿಂದ ಹೊಸತನ್ನು ತರಬೇಕು. ಹೆಪ್ಪು ಕೇಳಲು ನಾಚಿಕೆಯೇನೂ ಇಲ್ಲ. ಕೊಡುವುದು ನೆರೆಹೊರೆಯ ಧರ್ಮವೆಂದೇ ನಡೆದು ಬಂದಿದೆ. ಹಸಿಮೆಣಸಿನ ತೊಟ್ಟು ಹಾಕಿ ಮೊಸರು ಮಾಡುವವರೂ ಇದ್ದಾರೆ. ಅದು ಆಗುವುದುಂಟು, ಆಗದಿರುವುದೂ ಉಂಟು. ಮಾರಾಟದ ಮೊಸರನ್ನು ಅದೃಷ್ಟದ ಮೇಲೆ ಬಿಡಲಾಗದು.

ಎಲ್ಲ ಸರಿಯಾಗಿ ಮಾಡಿದರೂ ಹಾಲು ಹೆಪ್ಪುಗಟ್ಟದಿದ್ದರೆ ಕೊಟ್ಟಿಗೆಯ ಕಡೆಗೆ ನೋಡಬೇಕು. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಮದ್ದು ಕೊಟ್ಟ ಆಕಳ ಹಾಲಿನಲ್ಲಿ ಆ ಮದ್ದು ಕೆಲವು ದಿನ ಇಳಿಯುತ್ತಿರುತ್ತದೆ. ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅದು ಹೆಪ್ಪಿನ ಜೀವಾಣುಗಳನ್ನೂ ಕೊಲ್ಲುತ್ತದೆ. ಹೆಪ್ಪು ನಿಲ್ಲದ ಆ ಹಾಲನ್ನು ‘ಮೊಸರಾಗದಿದ್ದರೇನು, ಚಹಾಕ್ಕಾಯಿತು’ ಎಂದು ಮಕ್ಕಳಿಗೆ ಕುಡಿಸುವುದು, ಇಲ್ಲವೆ ಸಂಘದ ಕ್ಯಾನಿಗೆ ಸುರಿಯುವುದು ಎರಡೂ ತಪ್ಪು. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಬೇರೆ ಕರೆದು ಚೆಲ್ಲಬೇಕು. ಹೊಟ್ಟೆ ಉರಿಯುತ್ತದೆ ನಿಜ, ಚೆಲ್ಲಲೇಬೇಕು. ಎರಡು ಮೂರು ಆಕಳು ಇರುವಲ್ಲಿ ಒಂದೊಂದರ ಹಾಲಿಗೂ ಬೇರೆ ಬೇರೆ ಬಟ್ಟಲಿನಲ್ಲಿ ಹೆಪ್ಪು ಹಾಕಿ ನೋಡಿದರೆ ಯಾವುದರದು ದೋಷವೆಂದು ಒಂದೇ ರಾತ್ರಿಯಲ್ಲಿ ತಿಳಿಯುತ್ತದೆ. ಕರು ಹಾಕಿದ ಮೊದಲ ನಾಲ್ಕೈದು ದಿನಗಳ ಗಿಣ್ಣು ಹಾಲನ್ನೂ ಮೊಸರಿಗೆ ಬೆರೆಸಬಾರದು. ಅದು ಮೊದಲು ಕರುವಿನ ಪಾಲು.

ಬೆಣ್ಣೆ ತುಪ್ಪದ ವಿಷಯದಲ್ಲಿ ಮಾತ್ರ ಯಾರಿಗೂ ಭ್ರಮೆ ಬೇಡ. ನೂರಕ್ಕೆ 4ರಷ್ಟು ಕೊಬ್ಬು ಇರುವ ಹತ್ತು ಲೀಟರು ಹಾಲಿನಲ್ಲಿ ಇರುವ ಕೊಬ್ಬೇ 400 ಗ್ರಾಮು ಚಿಲ್ಲರೆ. ಮನೆಯ ಕಡೆಗೋಲಿನಲ್ಲಿ ಕಡೆದು ಕಾಸಿದರೆ 350 ಗ್ರಾಮು ತುಪ್ಪ ಸಿಕ್ಕಿದರೆ ಕೈ ಪಳಗಿದೆ ಎನ್ನಬೇಕು. ಸೌದೆಯ ಖರ್ಚು ಬೇರೆ. ಮೊಸರಿಗೆ ಗಿರಾಕಿ ಇಲ್ಲದ ದಿನ ಮಾತ್ರ ತುಪ್ಪದ ಯೋಚನೆ ಮಾಡುವುದು ಲೇಸು. ಕಡೆಯುವುದಿದ್ದರೆ ಸೂರ್ಯ ಏಳುವುದಕ್ಕೆ ಮೊದಲು ತಣ್ಣೀರು ಬೆರೆಸಿ ಕಡೆಯಬೇಕು. ಸೆಕೆ ಏರಿದ ಮೇಲೆ ಬೆಣ್ಣೆ ಉಂಡೆಗಟ್ಟದೆ ಮಜ್ಜಿಗೆಯಲ್ಲೇ ಉಳಿಯುತ್ತದೆ.

ಗಿರಾಕಿ ಎಲ್ಲಿ ಎಂದು ಕೇಳುವವರಿದ್ದಾರೆ. ಬೇಸಿಗೆಯಲ್ಲಿ ಕುಮಟಾದ ಆಳ್ವೆಕೋಡಿಯ ಬಳಿ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯ ಜಡೆಗಳನ್ನು ತೂಗುಹಾಕಿಕೊಂಡು ಕುಳಿತವರನ್ನು ಇವರು ನೋಡಿಲ್ಲವೆ? ಕಾರು ಬಸ್ಸುಗಳು ತಾವಾಗಿ ನಿಲ್ಲುತ್ತವೆ. ಆ ಈರುಳ್ಳಿಯ ಪಕ್ಕದಲ್ಲಿ ಶುಂಠಿ, ಉಪ್ಪು, ಕರಿಬೇವು ಹಾಕಿದ ತಣ್ಣನೆಯ ಮಜ್ಜಿಗೆ ಇದ್ದರೆ ಬೇಡವೆನ್ನುವವರು ಯಾರು? ಭಟ್ಕಳದ ಬಿರಿಯಾನಿಯ ಜೊತೆಗೆ ಮೊಸರು ಬಜ್ಜಿ ಬೇಕು, ಪೇಟೆಯ ಖಾನಾವಳಿಗಳಿಗೆ ದಿನದಿನವೂ ಮೊಸರು ಬೇಕು. ಒಂದೆಲಗದ ತಂಬುಳಿಯನ್ನು ಮನೆಯಲ್ಲಿ ಮಾಡಲು ಬಿಡುವಿಲ್ಲದ ಪೇಟೆಯ ಜನ ಅದನ್ನು ಹುಡುಕಿಕೊಂಡು ಹೋಗಿ ಉಣ್ಣುವ ಕಾಲ ಇದು. ಒಬ್ಬರ ಎರಡು ಲೀಟರು ಯಾವ ಖಾನಾವಳಿಗೂ ಸಾಲದು. ಕೇರಿಯ ಐದಾರು ಮನೆಗಳು ಒಂದೇ ಹೆಪ್ಪು, ಒಂದೇ ವೇಳೆ, ಒಂದೇ ಬಗೆಯ ಪಾತ್ರೆ ಎಂದು ಗೊತ್ತುಮಾಡಿಕೊಂಡರೆ ಹತ್ತು ಲೀಟರಿನ ಮೊಸರನ್ನು ದಿನವೂ ತಪ್ಪದೆ ಕೊಡಬಹುದು. ಹಳ್ಳಿಗಳಲ್ಲಿರುವ ಸ್ವಸಹಾಯ ಸಂಘಗಳಿಗೆ ಇದು ಹೇಳಿದ ಕೆಲಸ. ಮಾರುವವರು ಆಹಾರ ಸುರಕ್ಷತಾ ಕಾಯ್ದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ.

ಮಜ್ಜಿಗೆ ಮಾರಬಾರದು, ಬೇಡಿ ಬಂದವರಿಗೆ ಹಾಗೆಯೇ ಕೊಡಬೇಕು ಎಂದು ಹಿರಿಯರು ಹೇಳುತ್ತಿದ್ದರು. ಕೊಡುವವರು ಕೊಡಲಿ. ಕೊಟ್ಟು ಮಿಕ್ಕು ಹುಳಿಯಾದುದಕ್ಕೂ ಒಂದು ದಾರಿಯಿದೆ. ಹಸಿಮೆಣಸನ್ನು ಸೀಳಿ, ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಹಾಕಿ, ಹಗಲು ಬಿಸಿಲಿಗೆ ಹರವಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಮೂರು ನಾಲ್ಕು ದಿನದಲ್ಲಿ ಮಜ್ಜಿಗೆಯೆಲ್ಲ ಹೀರಿಹೋಗುತ್ತದೆ. ಆಮೇಲೆ ಗರಿಗರಿಯಾಗುವವರೆಗೆ ಒಣಗಿಸಬೇಕು. ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿದ ಮಜ್ಜಿಗೆ ಮೆಣಸನ್ನು ಜುಲೈ ತಿಂಗಳ ಜಡಿಮಳೆಯಲ್ಲಿ, ಗಂಜಿಗೆ ಬೇರೇನೂ ಇಲ್ಲದ ದಿನ, ಎಣ್ಣೆಯಲ್ಲಿ ಕರಿದುಕೊಳ್ಳಬಹುದು. ಆ ಹೊತ್ತಿಗೆ ಪೇಟೆಯಲ್ಲಿಯೂ ಅದಕ್ಕೆ ಒಳ್ಳೆಯ ಬೆಲೆ ಇರುತ್ತದೆ.